ಕುಲುಮೆ ಆರಿದರೂ ಉಳಿದ ದನಿ

ಕಾರ್ಖಾನೆಯೊಂದು ಮುಚ್ಚಿದಾಗ ಯಂತ್ರಗಳು ಗುಜರಿಗೆ ಹೋಗುತ್ತವೆ, ಜಮೀನು ಮಾರಾಟವಾಗುತ್ತದೆ, ಲೆಕ್ಕಪತ್ರಗಳು ಕಡತಗಳಲ್ಲಿ ಉಳಿಯುತ್ತವೆ. ಆದರೆ ಕುಲುಮೆಯ ಮುಂದೆ ಆಯುಷ್ಯ ಸವೆಸಿದವರ ನೆನಪು ಎಲ್ಲಿ ಉಳಿಯುತ್ತದೆ? ಅಮೆರಿಕದ ವಿದ್ವಾಂಸ ಮೈಕೆಲ್ ಫ್ರಿಶ್ ಅವರ ವೃತ್ತಿಜೀವನದ ಬಹುಭಾಗ ಈ ಪ್ರಶ್ನೆಯ ಸುತ್ತಲೇ ಸಾಗಿದೆ. ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಹಾಗೂ ಅಮೆರಿಕನ್ ಅಧ್ಯಯನದ ಪ್ರಾಧ್ಯಾಪಕರಾಗಿದ್ದ ಅವರು, ಶ್ರಮಿಕರ ಮಾತನ್ನು ಧ್ವನಿಮುದ್ರಿಸುವುದರಿಂದ ಆರಂಭಿಸಿ, ಆ ದನಿಯನ್ನು ಡಿಜಿಟಲ್ ಮಾಧ್ಯಮದಲ್ಲಿ ಬಳಕೆಗೆ ತರುವ ವಿಧಾನಗಳವರೆಗೆ ಬಂದವರು.

ಉಕ್ಕಿನ ಊರಿನ ಕಥೆ

ಬಫಲೋ ನಗರದ ಪಕ್ಕದ ಲ್ಯಾಕವಾನಾದಲ್ಲಿ ಬೆಥ್ಲೆಹೆಮ್ ಸ್ಟೀಲ್ ಕಂಪನಿಯ ಬೃಹತ್ ಸ್ಥಾವರವಿತ್ತು. ಉಚ್ಛ್ರಾಯ ಕಾಲದಲ್ಲಿ ಅಲ್ಲಿ ಸುಮಾರು 20 ಸಾವಿರ ಮಂದಿ ದುಡಿಯುತ್ತಿದ್ದರು. 1983ರಲ್ಲಿ ಅಲ್ಲಿ ಉಕ್ಕಿನ ತಯಾರಿಕೆ ನಿಂತಿತು. ಕಂಪನಿಯೇ 2001ರಲ್ಲಿ ದಿವಾಳಿಯಾಯಿತು.

ಸ್ಥಾವರಗಳು ಉಸಿರಾಡುತ್ತಿದ್ದ 1970ರ ದಶಕದಲ್ಲಿಯೇ ಛಾಯಾಗ್ರಾಹಕ ಮಿಲ್ಟನ್ ರೊಗೊವಿನ್ ಈ ಪ್ರದೇಶದ ಕಾರ್ಮಿಕರನ್ನು ಕೆಲಸದ ಜಾಗದಲ್ಲೂ ಮನೆಯಲ್ಲೂ ಚಿತ್ರಿಸಿದ್ದರು. ರೊಗೊವಿನ್ ಮೂಲತಃ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ವೃತ್ತಿಯವರು. 1957ರಲ್ಲಿ ಕಮ್ಯುನಿಸ್ಟ್ ಎಂಬ ಶಂಕೆಯಿಂದ ಅಮೆರಿಕ ಸಂಸತ್ತಿನ ಸಮಿತಿ ಅವರನ್ನು ವಿಚಾರಣೆಗೆ ಕರೆದ ಬಳಿಕ ಗಿರಾಕಿಗಳು ದೂರವಾದರು. ಆಗ ಅವರು ಕ್ಯಾಮೆರಾ ಹಿಡಿದರು. ಕಾರ್ಖಾನೆಗಳು ಮುಚ್ಚಿದ ನಂತರ ಅದೇ ಜನರನ್ನು ಅವರು ಮತ್ತೆ ಚಿತ್ರಿಸಿದರು, ಫ್ರಿಶ್ ಅವರೊಂದಿಗೆ ಸುದೀರ್ಘ ಸಂದರ್ಶನ ನಡೆಸಿದರು. ಚಿತ್ರ ಮತ್ತು ಮಾತು ಎರಡೂ ಸೇರಿ 1993ರಲ್ಲಿ ‘ಪೋರ್ಟ್ರೇಟ್ಸ್ ಇನ್ ಸ್ಟೀಲ್’ ಎಂಬ ಗ್ರಂಥವಾಯಿತು. ಅಲ್ಲಿ ಕಾಣುವವರು ಕೇವಲ ಕೆಲಸ ಕಳೆದುಕೊಂಡ ನತದೃಷ್ಟರಲ್ಲ. ಕುಟುಂಬ, ನೆರೆಹೊರೆ, ಸಂಘ, ಹವ್ಯಾಸಗಳ ನಡುವೆ ಬದುಕು ಕಟ್ಟಿಕೊಂಡ, ತಮಗಾದದ್ದನ್ನು ತಾವೇ ವಿವರಿಸಬಲ್ಲ ಮನುಷ್ಯರು.

ಅರ್ಥ ಹೇಳುವ ಹಕ್ಕು ಯಾರದು?

ಫ್ರಿಶ್ ಅವರ ಚಿಂತನೆಯ ತಿರುಳು ಇರುವುದು ಇಲ್ಲಿಯೇ. ವಿಯೆಟ್ನಾಂ ಯುದ್ಧವನ್ನು ಕುರಿತು 1983ರಲ್ಲಿ ಅಮೆರಿಕದ ಸಾರ್ವಜನಿಕ ದೂರದರ್ಶನದಲ್ಲಿ ಪ್ರಸಾರವಾದ ಸರಣಿಯನ್ನು ವಿಮರ್ಶಿಸುತ್ತಾ ಅವರು ಒಂದು ತಾರತಮ್ಯವನ್ನು ಗುರುತಿಸಿದರು. ಅದರಲ್ಲಿ ಸಾಮಾನ್ಯ ಸೈನಿಕರೂ ರೈತರೂ ತಾವು ಕಂಡುಂಡದ್ದನ್ನಷ್ಟೇ ಹೇಳುತ್ತಾರೆ; ಅದರ ಅರ್ಥವೇನೆಂದು ವಿಶ್ಲೇಷಿಸುವ ಅವಕಾಶ ಅಧಿಕಾರಸ್ಥರಿಗೆ ಮಾತ್ರ ಸಿಗುತ್ತದೆ. ಕಾರ್ಮಿಕರ ಬಗ್ಗೆ ಮಾಧ್ಯಮಗಳು ಸಿದ್ಧಪಡಿಸುವ ವರದಿಗಳಿಗೂ ಈ ಟೀಕೆ ಅನ್ವಯಿಸುತ್ತದೆ. ಕಣ್ಣೀರು ಕಾರ್ಮಿಕನದು, ವಿವರಣೆ ತಜ್ಞನದು ಎಂಬ ಹಂಚಿಕೆ ನಮಗೆಲ್ಲ ಪರಿಚಿತವೇ.

1990ರಲ್ಲಿ ಪ್ರಕಟವಾದ ‘ಎ ಶೇರ್ಡ್ ಅಥಾರಿಟಿ’ ಕೃತಿಯಲ್ಲಿ ಅವರು ಇದಕ್ಕೆ ಪ್ರತಿಯಾದ ನಿಲುವನ್ನು ಮಂಡಿಸಿದರು. ಸಂದರ್ಶನವೆಂಬುದು ಕೇಳುವವರು ಮತ್ತು ಹೇಳುವವರು ಇಬ್ಬರೂ ಕೂಡಿ ಕಟ್ಟುವಂಥದ್ದು. ಆದ್ದರಿಂದ ಅದರ ಅರ್ಥ ಹೇಳುವ ಅಧಿಕಾರ ಸಹಜವಾಗಿಯೇ ಇಬ್ಬರಿಗೂ ಸೇರಿದ್ದು. ವಿದ್ವಾಂಸರು ಉದಾರವಾಗಿ ದಯಪಾಲಿಸಬೇಕಾದ ಭಿಕ್ಷೆ ಅದಲ್ಲ.

ಕಪಾಟಿನಿಂದ ಪರದೆಗೆ

ಧ್ವನಿಮುದ್ರಣಗಳಿಗೆ ಇನ್ನೊಂದು ವಿಪತ್ತಿತ್ತು. ನೂರಾರು ಗಂಟೆಗಳ ಟೇಪುಗಳನ್ನು ಸಂಗ್ರಹಿಸಿದ ಮೇಲೆ ಅವನ್ನು ಕೇಳುವವರೇ ಇರುತ್ತಿರಲಿಲ್ಲ. ಸಂಶೋಧಕರು ಲಿಖಿತ ಪ್ರತಿಯನ್ನು ಓದಿ ಮುಗಿಸುತ್ತಿದ್ದರು. ಮಾತಿನ ನಡುವಿನ ಮೌನ, ತಡವರಿಕೆ, ನಗು, ದನಿಯ ಏರಿಳಿತ ಇವೆಲ್ಲ ಕಾಗದದ ಮೇಲೆ ಅಳಿಸಿಹೋಗುತ್ತಿದ್ದವು. ಹೇಳಿದ್ದರಲ್ಲಿ ಅರ್ಧದಷ್ಟು ಅರ್ಥ ಅಡಗಿರುವುದು ಅವುಗಳಲ್ಲೇ.

ಇಲ್ಲಿ ಡಿಜಿಟಲ್ ತಂತ್ರಜ್ಞಾನ ನೆರವಿಗೆ ಬಂದಿತು. ಸಂದರ್ಶನವನ್ನು ಸಣ್ಣ ತುಣುಕುಗಳಾಗಿ ಗುರುತಿಸಿ, ಪ್ರತಿಯೊಂದಕ್ಕೂ ವಿಷಯಸೂಚಿ ಹಚ್ಚಿದರೆ, ‘ಅಪಘಾತ’, ‘ಮುಷ್ಕರ’, ‘ಕೊನೆಯ ಪಾಳಿ’ ಎಂದು ಹುಡುಕಿದವರು ನೇರವಾಗಿ ಆ ದನಿಗೇ ತಲುಪಬಹುದು. ಬರಹ ದಾರಿಯನ್ನಷ್ಟೇ ತೋರಿಸುತ್ತದೆ. ಈ ಕಾರ್ಯಕ್ಕಾಗಿ ಫ್ರಿಶ್ ‘ರಾಂಡ್‌ಫೋರ್ಸ್ ಅಸೋಸಿಯೇಟ್ಸ್’ ಎಂಬ ಸಂಸ್ಥೆಯನ್ನು ನಡೆಸಿದರು. ಇದೇ ಅಗತ್ಯವನ್ನು ಪೂರೈಸುವ ಓಎಚ್‌ಎಂಎಸ್ ತಂತ್ರಾಂಶವನ್ನು ಕೆಂಟಕಿ ವಿಶ್ವವಿದ್ಯಾಲಯ 2008ರಲ್ಲಿ ಅಭಿವೃದ್ಧಿಪಡಿಸಿತು.

ಈ ಬದಲಾವಣೆಯನ್ನು ಫ್ರಿಶ್ ಅಡುಗೆಯ ಹೋಲಿಕೆಯಿಂದ ವಿವರಿಸಿದ್ದಾರೆ. ಕಪಾಟಿನಲ್ಲಿರುವ ಟೇಪುಗಳು ಹಸಿ ಸಾಮಗ್ರಿ, ಸಂಪಾದಿತ ಸಾಕ್ಷ್ಯಚಿತ್ರ ಬೇಯಿಸಿದ ಅಡುಗೆ. ಹಸಿಯದನ್ನು ತಿನ್ನಲಾಗದು, ಬೇಯಿಸಿದ್ದನ್ನು ಬಡಿಸಿದಂತೆ ಉಣ್ಣಬೇಕು. ಡಿಜಿಟಲ್ ಸಂಗ್ರಹವಾದರೋ ಅಡುಗೆಮನೆಯಿದ್ದಂತೆ. ಕಾರ್ಮಿಕನ ಮಗಳು, ಸಂಘದ ಕಾರ್ಯದರ್ಶಿ, ಶಾಲಾ ಶಿಕ್ಷಕ ಯಾರು ಬೇಕಾದರೂ ಒಳಗೆ ಬಂದು ತಮಗೆ ಬೇಕಾದುದನ್ನು ತಯಾರಿಸಿಕೊಳ್ಳಬಹುದು.

ಹಾಗೆಂದು ಯಂತ್ರವೊಂದೇ ಎಲ್ಲವನ್ನೂ ಉಳಿಸದು. ಕಡತಗಳ ಸ್ವರೂಪ ಹಳತಾಗುತ್ತದೆ, ವಿಷಯಸೂಚಿ ಹಚ್ಚುವ ಕೆಲಸಕ್ಕೆ ಹಣವೂ ತಾಳ್ಮೆಯೂ ಬೇಕು, ಮಾತನಾಡಿದವರ ಒಪ್ಪಿಗೆಯಿಲ್ಲದೆ ಅವರ ಬದುಕನ್ನು ಅಂತರ್ಜಾಲಕ್ಕೆ ಏರಿಸುವುದು ಅನ್ಯಾಯ. ಸೂಚಿಯ ಪದಗಳನ್ನು ಆರಿಸುವವರು ಯಾರೆಂಬುದೂ ಅಧಿಕಾರದ ಪ್ರಶ್ನೆಯೇ. ಆಡಳಿತ ಮಂಡಳಿ ‘ಸಿಬ್ಬಂದಿ ಕಡಿತ’ ಎಂದು ಕರೆದದ್ದನ್ನು ಕಾರ್ಮಿಕ ‘ನಮ್ಮನ್ನು ಹೊರಹಾಕಿದ ದಿನ’ ಎನ್ನಬಹುದು. ಎರಡರಲ್ಲಿ ಯಾವ ಹೆಸರಿನಡಿ ಹುಡುಕಿದರೆ ಆ ನೆನಪು ಸಿಗುತ್ತದೆ ಎಂಬುದರ ಮೇಲೆ ಮುಂದಿನ ಪೀಳಿಗೆ ಓದುವ ಚರಿತ್ರೆ ನಿಂತಿದೆ.