ಮಕ್ಕಳ ವಾರ್ಡಿನಲ್ಲಿ ಕೇಳಲು ಹಿಂಜರಿಯಬೇಡಿ

ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಇಡೀ ಮನೆಯೇ ಕಂಗಾಲಾಗುತ್ತದೆ. ಕಂಪ್ಲಿಯ ಗದ್ದೆ, ಹಂಪಿ ಸುತ್ತಿನ ಬಾಳೆ ತೋಟ, ಸಂಡೂರಿನ ಗಣಿ ಕೆಲಸ ಬಿಟ್ಟು ತಂದೆತಾಯಿ ಹೊಸಪೇಟೆಗೆ ಓಡಿ ಬರುತ್ತಾರೆ. ಕಾಯಿಲೆ ಬಿಗಡಾಯಿಸಿದರೆ ಅಲ್ಲಿಂದ ಸುಮಾರು 60 ಕಿ.ಮೀ. ದೂರದ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಎಲ್ಲಿಯೇ ಆಗಲಿ, ವೈದ್ಯರು ದಿನಕ್ಕೆ ಒಂದೆರಡು ಬಾರಿ ನೋಡಿ ಹೋಗುತ್ತಾರೆ. ಹಗಲು ರಾತ್ರಿ ವಾರ್ಡಿನಲ್ಲಿರುವವರು ಸಿಸ್ಟರ್‌ಗಳೇ. ಆಸ್ಪತ್ರೆಯ ಬಗ್ಗೆ ಹೆತ್ತವರ ಸಮಾಧಾನ, ಅಸಮಾಧಾನ ಎರಡೂ ಬಹುಪಾಲು ಅವರ ಶುಶ್ರೂಷೆಯನ್ನೇ ಅವಲಂಬಿಸಿರುತ್ತವೆ.

ಹೆತ್ತವರಿಗೆ ಬೇಕಾದುದೇನು?

ಮಗುವಿಗೆ ಏನಾಗಿದೆ, ಈ ಇಂಜೆಕ್ಷನ್ ಏತಕ್ಕೆ, ಯಾವಾಗ ಹಾಲು ಕೊಡಬಹುದು ಎಂಬುದನ್ನು ಯಾರಾದರೂ ತಿಳಿಯುವಂತೆ ಹೇಳಬೇಕು. ಈ ಭಾಗದಲ್ಲಿ ಕೆಲವರ ಮನೆಮಾತು ತೆಲುಗು, ಕೆಲವರದು ಉರ್ದು, ತಾಂಡಾಗಳಿಂದ ಬಂದವರದು ಲಂಬಾಣಿ. ನಿಧಾನವಾಗಿ ಹೇಳಿ, 'ತಿಳೀತಾ ಅಮ್ಮಾ?' ಎಂದು ವಿಚಾರಿಸುವ ಸಿಸ್ಟರ್ ಕಂಡರೆ ಅರ್ಧ ಭಯ ಇಳಿಯುತ್ತದೆ.

ಸಿಸ್ಟರ್‌ಗಳ ಕಷ್ಟವೂ ಸಣ್ಣದಲ್ಲ. ಮಕ್ಕಳ ವಾರ್ಡಿನಲ್ಲಿ 4 ಹಾಸಿಗೆಗೆ ಒಬ್ಬ ನರ್ಸ್ ಇರಬೇಕೆಂಬುದು ಕೇಂದ್ರ ಸರ್ಕಾರದ ಸಿಬ್ಬಂದಿ ತಪಾಸಣಾ ಘಟಕದ ಮಾನದಂಡ. ಡೆಂಗಿ, ವಾಂತಿಭೇದಿಯ ದಿನಗಳಲ್ಲಿ ವಾರ್ಡು ತುಂಬಿದಾಗ ಒಬ್ಬರೇ ಹಲವರನ್ನು ನೋಡಿಕೊಳ್ಳಬೇಕಾಗಿ ಬರುತ್ತದೆ.

ಸುಮ್ಮನಿರುವುದು ಅಪಾಯ

ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಹೆತ್ತವರಿಗೆ ಮಕ್ಕಳ ವಾರ್ಡಿಗೆ ಮುಕ್ತ ಪ್ರವೇಶವಿರಲಿಲ್ಲ. ಅವರನ್ನು ಮಗುವಿನ ಬಳಿ ಬಿಡಬೇಕೆಂದು 1959ರ ಪ್ಲಾಟ್ ಸಮಿತಿ ವರದಿ ಶಿಫಾರಸು ಮಾಡಿತು. ನಮ್ಮಲ್ಲಿ ತಾಯಿ ಹಾಸಿಗೆಯ ಪಕ್ಕದಲ್ಲೇ ಇರುತ್ತಾಳೆ. ಮಗುವಿನಲ್ಲಾಗುವ ಬದಲಾವಣೆ ಅನೇಕ ಸಲ ಮೊದಲು ಕಾಣುವುದು ಅವಳಿಗೇ. ಆದರೆ 'ಕೇಳಿದರೆ ಬೈದಾರು' ಎಂದು ಬಾಯಿ ಮುಚ್ಚಿಕೊಂಡರೆ ಅದರಿಂದ ಪ್ರಯೋಜನವಿಲ್ಲ.

ಕೆಳಗಿನವು ಕಂಡಕೂಡಲೇ, ಮಧ್ಯರಾತ್ರಿಯಾದರೂ, ಸಿಸ್ಟರನ್ನು ಕರೆಯಿರಿ:

* ಗ್ಲೂಕೋಸ್ ಸೂಜಿ ಹಾಕಿದ ಜಾಗ ಊದುವುದು, ಕೆಂಪಾಗುವುದು, ನೋಯುವುದು.
* ಉಸಿರಾಟ ವೇಗವಾಗಿ, ಪಕ್ಕೆ ಒಳಸೇದುವುದು.
* ಮಗು ಏನನ್ನೂ ಕುಡಿಯದಿರುವುದು, ಮೂತ್ರ ಕಡಿಮೆಯಾಗುವುದು.
* ಅತಿ ಮಂಕು, ಫಿಟ್ಸ್, ಕೈಕಾಲು ತಣ್ಣಗಾಗುವುದು.

ನೀವು ಮಾಡಬಹುದಾದುದು

ಮಕ್ಕಳ ಔಷಧದ ಪ್ರಮಾಣವನ್ನು ಬಹುಮಟ್ಟಿಗೆ ತೂಕ ನೋಡಿ ನಿರ್ಧರಿಸುತ್ತಾರೆ. ತೂಕ ನೋಡಿದ್ದಾರೆಯೇ ಎಂದು ಕೇಳಿ. ಹಿಂದೆ ಯಾವುದಾದರೂ ಔಷಧ ಒಗ್ಗದಿದ್ದರೆ ಮೊದಲೇ ತಿಳಿಸಿ. ಗ್ಲೂಕೋಸ್ ಬಾಟಲಿಯ ವೇಗವನ್ನು ನೀವೇ ಬದಲಿಸಬೇಡಿ. ಮನೆಯಿಂದ ತಂದ ಔಷಧವನ್ನು ಕೇಳದೆ ಕೊಡಬೇಡಿ. ಮಗುವನ್ನು ಮುಟ್ಟುವ ಮುನ್ನ ಸೋಪಿನಿಂದ ಕೈ ತೊಳೆಯಿರಿ. ಹಸುಗೂಸಿಗೆ ಇಂಜೆಕ್ಷನ್ ಕೊಡುವಾಗ ಎದೆಹಾಲು ಕುಡಿಸುತ್ತಿದ್ದರೆ ನೋವು ಕಡಿಮೆ. ಕುಡಿಸಬಹುದೇ ಎಂದು ಸಿಸ್ಟರನ್ನು ಕೇಳಿ.

'ಊಟ ಮಾಡದಿದ್ದರೆ ಸೂಜಿ ಹಾಕಿಸ್ತೀನಿ' ಎಂದು ಮನೆಯಲ್ಲಿ ಹೆದರಿಸುವ ಅಭ್ಯಾಸವನ್ನೂ ಬಿಡಿ. ಹಾಗೆ ಬೆಳೆದ ಮಗು ಬಿಳಿ ಬಟ್ಟೆ ಕಂಡರೇ ಚೀರುತ್ತದೆ. ಆಗ ಸಿಸ್ಟರ್ ಕೆಲಸ ಇನ್ನಷ್ಟು ಕಷ್ಟವಾಗುತ್ತದೆ.

ಸರ್ಕಾರಿ ಆಸ್ಪತ್ರೆಗಳ ಬಗ್ಗೆ ರೋಗಿಗಳ ಅಭಿಪ್ರಾಯ ಪಡೆಯಲು ಕೇಂದ್ರವು 2016ರಲ್ಲಿ 'ಮೇರಾ ಅಸ್ಪತಾಲ್' ವ್ಯವಸ್ಥೆಯನ್ನೂ, ಮಕ್ಕಳ ಸೇವೆ ಸುಧಾರಿಸಲು 2021ರಲ್ಲಿ 'ಮುಸ್ಕಾನ್' ಕಾರ್ಯಕ್ರಮವನ್ನೂ ಆರಂಭಿಸಿತು. ಬಿಡುಗಡೆಯ ದಿನ ಅಭಿಪ್ರಾಯ ಕೇಳಿದರೆ 'ಎಲ್ಲಾ ಚೆನ್ನಾಗಿತ್ತು' ಎಂದು ಹೊರಟುಬಿಡಬೇಡಿ. ಒಳ್ಳೆಯದನ್ನು ಮೆಚ್ಚಿ, ಕೊರತೆಯನ್ನೂ ಹೇಳಿ. ಮನೆಯಲ್ಲಿ ಯಾವ ಔಷಧ ಎಷ್ಟು ದಿನ ಕೊಡಬೇಕು, ಮತ್ತೆ ಯಾವಾಗ ತೋರಿಸಬೇಕು ಎಂಬುದನ್ನು ಬರೆಸಿಕೊಂಡೇ ಬಸ್ ಹತ್ತಿರಿ.