ಅನ್ನ ಹಂಚುವವರ ಲೆಕ್ಕಕ್ಕೆ ಕ್ಲೌಡ್ ಪುಸ್ತಕ

ಹೋಟೆಲ್ ಬಂಧುಗಳೇ, 2020ರ ಏಪ್ರಿಲ್ ತಿಂಗಳು ನಮ್ಮಲ್ಲಿ ಯಾರಿಗೆ ಮರೆತೀತು? ಷಟರ್ ಎಳೆದಿತ್ತು, ಆದರೆ ಒಲೆ ಆರಿರಲಿಲ್ಲ. ಊರಿಗೆ ಹೋಗಲಾಗದೆ ಉಳಿದ ನಾಲ್ವರು ಹುಡುಗರು, ಭಟ್ಟರು ಮತ್ತು ನಾವು ಸೇರಿ ದಿನಕ್ಕೆ ನಾನೂರು ಪೊಟ್ಟಣ ಪುಲಾವ್ ಕಟ್ಟಿ ವಲಸೆ ಕಾರ್ಮಿಕರಿಗೆ ಕಳುಹಿಸುತ್ತಿದ್ದೆವು. ಮೂರನೇ ದಿನ ಟೆಂಪೋದವನು ಅರ್ಧಕ್ಕರ್ಧ ವಾಪಸು ತಂದ. ಆ ಗಲ್ಲಿಗೆ ನಮಗಿಂತ ಮೊದಲೇ ಬೇರೆ ಎರಡು ಸಂಘಗಳ ಗಾಡಿ ಬಂದು ಹೋಗಿತ್ತಂತೆ. ಅದರ ಹಿಂದಿನ ಶೆಡ್ಡಿನಲ್ಲಿದ್ದವರು ಬಿಸ್ಕೀಟು ತಿಂದು ಮಲಗಿದರೆಂದು ಮರುದಿನ ತಿಳಿಯಿತು. ಪುಲಾವ್ ಹಳಸಿತು. ಅಡುಗೆ ಮಾಡುವವರಿಗೆ ಇದಕ್ಕಿಂತ ದೊಡ್ಡ ಸಂಕಟ ಬೇರೇನಿದೆ?

ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಅಕ್ಕನ ಮಗ ಫೋನಿನಲ್ಲಿ ಈ ಗೋಳು ಕೇಳಿ, "ಮಾಮ, ಗೂಗಲ್ ಶೀಟ್ ಮಾಡಿಕೊಡುತ್ತೇನೆ, ಎಲ್ಲರೂ ಅದರಲ್ಲೇ ಬರೆಯಿರಿ" ಎಂದ. ಸಂಜೆಯೊಳಗೆ ಏಳು ಸಂಘದವರ ಮೊಬೈಲಿನಲ್ಲಿ ಒಂದೇ ಪಟ್ಟಿ. ಯಾವ ಗಲ್ಲಿ, ಎಷ್ಟು ಜನ, ಯಾರ ಗಾಡಿ, ಎಷ್ಟು ಗಂಟೆಗೆ. ಕ್ಲೌಡ್ ಎಂದರೆ ಇಷ್ಟೇ. ಲೆಕ್ಕದ ಪುಸ್ತಕ ನಮ್ಮ ಗಲ್ಲಾದಲ್ಲಿರದೆ ದೂರದ ಕಂಪೆನಿಯ ಕಂಪ್ಯೂಟರಿನಲ್ಲಿರುತ್ತದೆ. ಅನುಮತಿ ಇದ್ದವರು ಎಲ್ಲಿಂದಲಾದರೂ ತೆರೆದು ಬರೆಯಬಹುದು. 2005ರ ಜುಲೈ 26ರ ಮಳೆಯಲ್ಲಿ ನಮ್ಮ ಹತ್ತು ವರ್ಷದ ಉದ್ದರಿ ಪುಸ್ತಕಗಳು ಒದ್ದೆ ಹಪ್ಪಳದಂತಾದದ್ದು ಆಗ ನೆನಪಾಯಿತು. (ಆ ಬಾಕಿ ಇಂದಿಗೂ ಬಂದಿಲ್ಲ!)

ಇದೇ ಕಷ್ಟವನ್ನು ಶ್ರೀಲಂಕಾದವರು ನಮಗಿಂತ ಎಷ್ಟೋ ಮೊದಲು ಕಂಡಿದ್ದರು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ನೆರವಿನ ಸಂಸ್ಥೆಗಳು ಬಂದವು, ಯಾರು ಎಲ್ಲಿದ್ದಾರೆಂಬುದು ಯಾರಿಗೂ ಗೊತ್ತಿಲ್ಲ. ಅಲ್ಲಿನ ಕಂಪ್ಯೂಟರ್ ಯುವಕರು ಸಂಬಳವಿಲ್ಲದೆ ಕೂತು ‘ಸಹನ’ ಎಂಬ ತಂತ್ರಾಂಶ ಬರೆದರು. ಸಿಂಹಳದಲ್ಲಿ ಆ ಮಾತಿಗೆ ಪರಿಹಾರ ಎಂದರ್ಥ. ಕಾಣೆಯಾದವರು, ಶಿಬಿರದಲ್ಲಿರುವವರು, ಬೇಕಾದ ಸಾಮಾನು, ದುಡಿಯುವ ಸಂಸ್ಥೆ, ಎಲ್ಲ ಒಂದೇ ಕಡೆ. ಅದನ್ನು ಅವರು ಮುಕ್ತ ತಂತ್ರಾಂಶವಾಗಿ ಬಿಟ್ಟರು. ಅಂದರೆ ತಿಂಡಿಯ ಜೊತೆಗೆ ಮಸಾಲೆಯ ಅಳತೆಯನ್ನೂ ಬರೆದು ಕೊಟ್ಟ ಹಾಗೆ. ಯಾರೂ ಮಾಡಬಹುದು, ತಮ್ಮ ರುಚಿಗೆ ಬದಲಿಸಬಹುದು. (ನಮ್ಮಲ್ಲಿ ಯಾವ ಭಟ್ಟರು ಕೊಟ್ಟಾರು!) 2005ರ ಪಾಕಿಸ್ತಾನದ ಭೂಕಂಪ, 2006ರ ಇಂಡೋನೇಷ್ಯಾದ ಭೂಕಂಪ, 2010ರ ಹೈಟಿ, ಎಲ್ಲ ಕಡೆ ಅದು ಬಳಕೆಯಾಯಿತು. ಹೈಟಿಯ ರಾಜಧಾನಿಗೆ ಸರಿಯಾದ ನಕ್ಷೆಯೇ ಇರಲಿಲ್ಲ. ಬೇರೆ ಬೇರೆ ದೇಶದ ಸ್ವಯಂಸೇವಕರು ಮನೆಯಲ್ಲೇ ಕೂತು, ಉಪಗ್ರಹದ ಚಿತ್ರ ನೋಡಿ, ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿ ಕೆಲವೇ ದಿನಗಳಲ್ಲಿ ಬೀದಿಗಳನ್ನು ಬಿಡಿಸಿಕೊಟ್ಟರು.

ಪುಕ್ಕಟೆ ಎಂದು ಕುಣಿಯುವುದೂ ಬೇಡ. ಅರ್ಹ ನೋಂದಾಯಿತ ಸೇವಾಸಂಸ್ಥೆಗಳಿಗೆ ಗೂಗಲ್ ಶುಲ್ಕವಿಲ್ಲದೆ ಸೌಲಭ್ಯ ಕೊಡುತ್ತದೆ, ನಿಜ. ಆದರೆ ಅದು ಕಂಡಕ್ಟಿಗೆ ಹಿಡಿದ ಹೋಟೆಲಿನಂತೆ. ಮಾಲಕ ಷರತ್ತು ಬದಲಿಸಿದರೆ ನಾವು ಪಾತ್ರೆ ಹೊತ್ತು ಹೊರಡಬೇಕು. ಮುಕ್ತ ತಂತ್ರಾಂಶವಾದರೆ ಪಾತ್ರೆಯೂ ಒಲೆಯೂ ನಮ್ಮವೇ, ಆದರೆ ಸರ್ವರ್ ಬಾಡಿಗೆ ಕಟ್ಟಬೇಕು, ನೋಡಿಕೊಳ್ಳಲು ತಿಳಿದ ಒಬ್ಬ ಜನ ಬೇಕು. ನಮ್ಮಂಥ ಸಣ್ಣ ಸಂಘಕ್ಕೆ ಆ ಜನ ಸಿಗುವುದೇ ಕಷ್ಟ.

ನಾವು ಮಾಡಿದ ತಪ್ಪನ್ನೂ ಹೇಳಬೇಕು. ಆ ಪಟ್ಟಿಯಲ್ಲಿ ಕಾರ್ಮಿಕರ ಹೆಸರು, ಮೊಬೈಲ್ ನಂಬ್ರ ಇತ್ತು. ಲಿಂಕ್ ವಾಟ್ಸಾಪಿನಲ್ಲಿ ಯಾರು ಯಾರಿಗೋ ಹೋಯಿತು. ಮೇ ತಿಂಗಳಲ್ಲಿ ಶೆಡ್ಡಿನ ಒಬ್ಬ ಹುಡುಗನಿಗೆ ಯಾರೋ ಫೋನ್ ಮಾಡಿ, ರೈಲು ಟಿಕೆಟ್ ಕೊಡಿಸುತ್ತೇನೆಂದು ಎಂಟು ನೂರು ರೂಪಾಯಿ ನುಂಗಿದರು. ನಂಬ್ರ ನಮ್ಮ ಪಟ್ಟಿಯಿಂದಲೇ ಹೋಯಿತೆಂದು ಹೇಳಲಾರೆವು, ಅಲ್ಲವೆಂದೂ ಹೇಳಲಾರೆವು. ಹಣ ನಾವೇ ಕೊಟ್ಟೆವು. ಅವನು ಬೇಡ ಬೇಡ ಎನ್ನುತ್ತ ತೆಗೆದುಕೊಂಡದ್ದು ಇನ್ನೂ ಕಣ್ಣ ಮುಂದಿದೆ.

ಈಗ ನಮ್ಮ ಬಡಾವಣೆಯ ಸಂಘದ ವಿದ್ಯಾನಿಧಿಯ ಲೆಕ್ಕ ಕ್ಲೌಡಿನಲ್ಲಿದೆ. ಹಣದ ಮೊತ್ತ ಎಲ್ಲ ಸದಸ್ಯರಿಗೂ ಕಾಣುತ್ತದೆ. ಮಕ್ಕಳ ಹೆಸರು, ನಂಬ್ರ ಕಾರ್ಯದರ್ಶಿ ಮತ್ತು ಕೋಶಾಧಿಕಾರಿಗೆ ಮಾತ್ರ. ಪ್ರತಿ ತಿಂಗಳ ಒಂದನೇ ತಾರೀಕು ಒಂದು ಪ್ರತಿ ಪೆನ್ ಡ್ರೈವಿಗೆ ಇಳಿಸುತ್ತೇವೆ. ಅದು ಇರುವುದು ದೇವರ ಫೋಟೋದ ಪಕ್ಕದ ಖಾನೆಯಲ್ಲಿ, 2005ರ ನೀರು ಏರಿದ ಗುರುತಿಗಿಂತ ಎರಡು ಅಡಿ ಮೇಲೆ.