ಎತ್ತಿದ ಕೈ, ಇಳಿಬಿಟ್ಟ ಕೈ

ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆ ಧುಮುಕುವುದು ಸುಮಾರು 170 ಅಡಿ. ಅಷ್ಟೆತ್ತರದ ಕೊಳವೆಯಲ್ಲಿ ನೀರು ತುಂಬಿದರೆ ಬುಡದಲ್ಲಿ ಗಾಳಿಯ ಒತ್ತಡದ ಐದು ಪಟ್ಟು ಹೆಚ್ಚುವರಿ ಒತ್ತಡ ಏಳುತ್ತದೆ. ಈ ಬಲವನ್ನು ನಂಬಿಯೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿ ನೂಲಿನ ಗಿರಣಿ ಎದ್ದಿತು. ಕೊಳವೆ ಸಪೂರವೋ ದಪ್ಪವೋ, ಒತ್ತಡಕ್ಕೆ ಅದರ ಹಂಗಿಲ್ಲ, ಎತ್ತರವೊಂದೇ ಲೆಕ್ಕ.

ನಮ್ಮ ತೋಳಿನೊಳಗೂ ಇದೇ ಲೆಕ್ಕ. ಹೃದಯದ ಮಟ್ಟದಿಂದ ಪ್ರತಿ 13 ಸೆಂ.ಮೀ. ಮೇಲಕ್ಕೆ ಹೋದಂತೆ ರಕ್ತದೊತ್ತಡ 10 ಮಿ.ಮೀ. ಪಾದರಸದಷ್ಟು ಇಳಿಯುತ್ತದೆ, ಕೆಳಗೆ ಬಂದಂತೆ ಅಷ್ಟೇ ಏರುತ್ತದೆ. ಒಂದು ಕೈಯನ್ನು ನೆಟ್ಟಗೆ ಮೇಲೆತ್ತಿ, ಇನ್ನೊಂದನ್ನು ಇಳಿಬಿಟ್ಟು ಒಂದು ನಿಮಿಷ ನಿಲ್ಲಿ. ಆಮೇಲೆ ಎರಡನ್ನೂ ಕಣ್ಣೆದುರು ತನ್ನಿ. ಎತ್ತಿದ ಅಂಗೈ ಬಿಳಿಚಿಕೊಂಡಿರುತ್ತದೆ. ಇನ್ನೊಂದು ಕೆಂಪೇರಿ, ಹಿಂಗೈಯ ನರಗಳು ಉಬ್ಬಿರುತ್ತವೆ. ನಾವು ನರ ಎನ್ನುವ ಆ ನೀಲಿ ಗೆರೆಗಳು ಅಸಲಿಗೆ ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಗಳು.

ರಕ್ತ ಹರಿಯುವುದು ಎರಡು ತುದಿಗಳ ಒತ್ತಡದ ಅಂತರದಿಂದ. ಕೈ ಎತ್ತಿದಾಗ, ಹೃದಯದಿಂದ ರಕ್ತ ತರುವ ಧಮನಿಯ ಒತ್ತಡ ಇಳಿಯುತ್ತದೆ. ಅಭಿಧಮನಿಯದೂ ಅಷ್ಟೇ ಇಳಿದಿದ್ದರೆ ಅಂತರ ಹಾಗೇ ಉಳಿಯುತ್ತಿತ್ತು. ಆದರೆ ಅದರ ಗೋಡೆ ತೆಳು. ಒಳಗಿನ ಒತ್ತಡ ಸೊನ್ನೆಗೆ ಬರುತ್ತಲೇ ಚಪ್ಪಟೆಯಾಗುತ್ತದೆ, ಅದಕ್ಕಿಂತ ಕೆಳಗೆ ಹೆಚ್ಚು ಇಳಿಯದು. ಹೀಗಾಗಿ ಅಂತರ ಕುಗ್ಗಿ ಹರಿವು ತಗ್ಗುತ್ತದೆ. ಹಬ್ಬದ ಮುಂಚೆ ಚಾವಣಿಗೆ ಸುಣ್ಣ ಬಳಿಯುವವರ ತೋಳು ಬೇಗ ಸೋಲಲು ಇದೂ ಒಂದು ಕಾರಣ. ಕೆಲಸ ಮಾಡುವ ಸ್ನಾಯುವಿಗೆ ರಕ್ತ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದನ್ನು ತಳ್ಳುವ ಒತ್ತಡ ಕಡಿಮೆ.

ಹಾಗಾದರೆ ಇಳಿಬಿಟ್ಟ ಕೈಗೆ ರಕ್ತದ ಹೊಳೆಯೇ ಹರಿಯಬೇಕಲ್ಲ? ಇಲ್ಲ. ಅಲ್ಲಿ ಧಮನಿ, ಅಭಿಧಮನಿ ಎರಡರ ಒತ್ತಡವೂ ಒಟ್ಟಿಗೇ ಏರುತ್ತದೆ. ಮೇಲಾಗಿ, ಅಭಿಧಮನಿ ತುಂಬಿ ಹಿಗ್ಗಿದ ಕೂಡಲೇ ಹತ್ತಿರದ ಕಿರುಧಮನಿಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಕೆಂಪೇರಿದ ಆ ಕೈಯಲ್ಲಿ ನಿಂತಿರುವ ರಕ್ತ ಜಾಸ್ತಿ, ಹರಿಯುವ ರಕ್ತ ಮಾತ್ರ ಕಡಿಮೆ. ಬೆರಳುಗಳನ್ನು ಮಡಚಿ ಬಿಡಿಸಿದರೆ ಸ್ನಾಯುಗಳು ಅಭಿಧಮನಿಯನ್ನು ಹಿಂಡುತ್ತವೆ. ಒಳಗಿನ ಕವಾಟಗಳು ಹಿಮ್ಮುಖ ಹರಿವನ್ನು ತಡೆಯುವುದರಿಂದ ನಿಂತ ರಕ್ತ ಮೇಲಕ್ಕೇ ಹೋಗಬೇಕು.

ದವಾಖಾನೆಯಲ್ಲಿ ಬಿ.ಪಿ. ನೋಡಿಸುವಾಗ ಈ ಎತ್ತರದ ಲೆಕ್ಕವನ್ನು ಮರೆಯುವವರೇ ಹೆಚ್ಚು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೈಯನ್ನು ಪಕ್ಕಕ್ಕೆ ಇಳಿಬಿಟ್ಟರೆ ಮೇಲಿನ ಅಂಕಿ ಸರಾಸರಿ 6.5ರಷ್ಟು, ತೊಡೆಯ ಮೇಲಿಟ್ಟರೆ ಸುಮಾರು 4ರಷ್ಟು ಹೆಚ್ಚು ತೋರುತ್ತದೆ. ಗಡಿಯಲ್ಲಿರುವವರನ್ನು ರೋಗಿಗಳ ಪಟ್ಟಿಗೆ ಸೇರಿಸಲು ಅಷ್ಟು ಸಾಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳಿಗೆ ಸುತ್ತಿದ ಪಟ್ಟಿ ಹೃದಯದ ಮಟ್ಟದಲ್ಲಿ. ಮೇಜು ತಗ್ಗಾಗಿದ್ದರೆ ಕೈ ಕೆಳಗೆ ಒಂದು ದಿಂಬು ಕೇಳಿ ಪಡೆಯಿರಿ.